ತಪ್ಪು ಬೆರಳಿನದಲ್ಲ

ಕ್ರಿಸ್‌ಮಸ್ ಹಾಡುಗಳ ಟ್ರ್ಯಾಕ್ ಮಾಡಲು ನಾವು ಚರ್ಚಿನ ಸಿಂಥಸೈಜರನ್ನು ಲ್ಯಾಪ್‌ಟಾಪಿಗೆ ಜೋಡಿಸಿದ್ದೆವು. ಪೆಡಲ್ ಒತ್ತಿ ನುಡಿಸಿದಾಗಲೆಲ್ಲ ಹಿಡಿದಿಟ್ಟ ಸ್ವರಗಳು ನಡುವೆಯೇ ಮಾಯ! "ಸರಿಯಾಗಿ ಒತ್ತು ಮಾರಾಯ" ಎಂದು ನುಡಿಸುತ್ತಿದ್ದ ಹತ್ತನೇ ಕ್ಲಾಸಿನ ತಮ್ಮನನ್ನು ಎರಡು ದಿನ ಗದರಿದೆವು. ಮೂರನೇ ದಿನ ಅವನು ಬರಲೇ ಇಲ್ಲ.

ಆ ಸಂಜೆ ಕೇಬಲ್ ಬದಲಿಸಿದೆವು, ಬಫರ್ ಹೆಚ್ಚಿಸಿದೆವು. ಪ್ರಯೋಜನವಾಗಲಿಲ್ಲ. ಕೊನೆಗೆ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಆದದ್ದನ್ನು ತೆರೆದು ನೋಡಿದರೆ, ಅವನು ಒತ್ತಿದ ಒಂದೊಂದು ಸ್ವರವೂ ಅಲ್ಲಿತ್ತು.

ಕೀ ಒತ್ತಿದಾಗ ಸಿಂಥ್ ತಾನೇ ಒಮ್ಮೆ ನುಡಿಯುತ್ತಿತ್ತು. ಸಾಫ್ಟ್‌ವೇರ್ ಅದೇ ಮಿಡಿ ಸಂದೇಶವನ್ನು ಹಿಂದಕ್ಕೆ ಕಳಿಸಿ ಇನ್ನೊಮ್ಮೆ ನುಡಿಸುತ್ತಿತ್ತು. ನಮ್ಮ ಸಿಂಥ್‌ನ ಪಾಲಿಫೋನಿ 32. ಎರಡು ಪದರದ ಟೋನ್ ಇಟ್ಟರೆ 16 ಸ್ವರ, ಅದೂ ಎರಡೆರಡು ಸಲ ನುಡಿದರೆ ಬರೀ 8. ಒಂಬತ್ತನೆಯದು ಬಂದರೆ ಹಳೆಯದೊಂದು ಜಾಗ ಬಿಡಲೇಬೇಕು. 'ಲೋಕಲ್ ಕಂಟ್ರೋಲ್' ಆಫ್ ಮಾಡಿ ಅದೇ ಭಾಗ ನುಡಿಸಿದೆವು. ಸ್ವರಗಳು ಉಳಿದವು.

ಮರುದಿನ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ಅಣ್ಣ, ರೆಕಾರ್ಡ್ ಮೊದಲೇ ನೋಡಬಹುದಿತ್ತಲ್ವಾ?" ಎಂದಷ್ಟೇ ಕೇಳಿದ. ಬಿಎಸ್ಸಿ ಓದಿದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಭಾನುವಾರ ಅವನೇ ನುಡಿಸಿದ.