ಉಕ್ಕಿನ ಉಂಗುರಗಳ ಊರಿನಲ್ಲಿ

ಚೆಲ್ಯಾಬಿನ್ಸ್ಕ್ ಬಿಟ್ಟು ಪೂರ್ವಕ್ಕೆ ಹೊರಟ ರೈಲಿನ ಕಿಟಕಿಯಲ್ಲಿ ಬೆಟ್ಟವೂ ಇಲ್ಲ, ಗುಡ್ಡವೂ ಇಲ್ಲ. ಕೊಯ್ಲಾದ ಗೋಧಿ ಹೊಲಗಳು, ನಡುನಡುವೆ ಬಿಳಿ ತೊಗಟೆಯ ಬರ್ಚ್ ಮರಗಳ ತೋಪು. 2019ರ ಸೆಪ್ಟೆಂಬರ್ ಕೊನೆಯಾದ್ದರಿಂದ ಎಲೆಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಮರಗಳನ್ನು ಮರೆತು ನೋಡಿದರೆ ನವಲಗುಂದದ ಕಡೆಯ ಎರೆಭೂಮಿಯೇ ಸರಿ. ವೈದ್ಯಕೀಯ ಓದಲು ರಷ್ಯಕ್ಕೆ ಬಂದಿದ್ದ ಮಗಳನ್ನು ನೋಡಲು ಹೋಗಿದ್ದ ನಾನು, ಅವಳನ್ನೂ ಕರೆದುಕೊಂಡು ಸುಮಾರು 260 ಕಿಲೋಮೀಟರ್ ದೂರದ ಕುರ್ಗಾನ್‌ಗೆ ಹೊರಟಿದ್ದೆ.

'ಮಾಸ್ಕೋ ಬಿಟ್ಟು ಅಲ್ಲೇನು ನೋಡತೀ ಅಪ್ಪಾ?' ಎಂದು ಅವಳು ಎರಡು ಸಲ ಕೇಳಿದ್ದಳು. ಕುರ್ಗಾನ್ ಎಂದರೆ ಪ್ರಾಚೀನ ಕಾಲದ ಸಮಾಧಿ ದಿಬ್ಬ. ಅಂಥದೊಂದು ದಿಬ್ಬದಿಂದಲೇ ಊರಿಗೆ ಹೆಸರು ಬಂದಿದೆ. ತೊಬೊಲ್ ನದಿಯ ದಂಡೆಯ ಈ ಊರಿಗೆ ಝಾರ್ ದೊರೆಗಳ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಗಡೀಪಾರು ಮಾಡುತ್ತಿದ್ದರು. ಪ್ರವಾಸಿಗರು ಹುಡುಕಿಕೊಂಡು ಬರುವ ಊರೇನೂ ಅಲ್ಲ. ಆದರೆ 1992ರಲ್ಲಿ ನಮ್ಮ ಮನೆಯಲ್ಲಿ ಈ ಊರಿನ ಹೆಸರು ದಿನಾ ಕೇಳಿಬರುತ್ತಿತ್ತು.

ನನ್ನ ತಮ್ಮ ಹುಟ್ಟಿದಾಗಲೇ ಅವನ ಎಡಗಾಲು ಮೊಣಕಾಲಿನ ಕೆಳಗೆ ಮುಂದಕ್ಕೆ ಬಿಲ್ಲಿನಂತೆ ಬಾಗಿತ್ತು. ಮೈಮೇಲೆ ಅಲ್ಲಲ್ಲಿ ಕಾಫಿ ಬಣ್ಣದ ಮಚ್ಚೆಗಳು. ಎಣ್ಣೆ ಹಚ್ಚಿ ತಿಕ್ಕಿದರೆ ನೆಟ್ಟಗಾಗುತ್ತದೆ ಎಂದರು ಊರ ಹಿರಿಯರು. ನಡೆಯಲು ಕಲಿಯುವ ಹೊತ್ತಿಗೆ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿದರೂ ಕೂಡಲಿಲ್ಲ. ಮುರಿದ ಜಾಗದಲ್ಲಿ ಕೀಲು ಇದ್ದಂತೆ ಕಾಲು ಅಲುಗುತ್ತಿತ್ತು. ಟಿಬಿಯ ಎಂಬ ದಪ್ಪ ಎಲುಬಿನ ಈ ಹುಟ್ಟುದೋಷ ಬಹಳ ಅಪರೂಪದ್ದು, ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನರಗಳ ಮೇಲೆ ಗಂಟು ಬೆಳೆಯುವ ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯೂ ಇರುತ್ತದೆ. ಕಾಫಿ ಬಣ್ಣದ ಮಚ್ಚೆಗಳು ಅದರ ಗುರುತು. ಎಲುಬಿನ ಸುತ್ತಲಿನ ಪೊರೆಯೇ ರೋಗಗ್ರಸ್ತವಾಗಿರುವುದರಿಂದ ಮುರಿದ ತುದಿಗಳು ಬೆಸೆಯುವುದಿಲ್ಲ. ಎರಡು ಆಪರೇಷನ್ ವ್ಯರ್ಥವಾದ ಮೇಲೆ ವೈದ್ಯರೊಬ್ಬರು ಕಾಲು ತೆಗೆಯುವುದೇ ಲೇಸೆಂದರು. ಅವ್ವ ಒಪ್ಪಲಿಲ್ಲ. ಇನ್ನೊಬ್ಬ ವೈದ್ಯರು ಸೈಬೀರಿಯದ ವಿಧಾನವೊಂದಿದೆ, ನೋಡೋಣ ಎಂದರು.

ಆ ವಿಧಾನದ ಜನಕ ಗಾವ್ರೀಲ್ ಇಲಿಝಾರೊವ್. 1921ರಲ್ಲಿ ಹುಟ್ಟಿ ಅಜರ್‌ಬೈಜಾನಿನ ಬೆಟ್ಟದೂರೊಂದರಲ್ಲಿ ಬೆಳೆದ ಬಡ ಹುಡುಗ. ಶಾಲೆಯ ಮೆಟ್ಟಿಲು ಹತ್ತಿದ್ದೇ ಹನ್ನೊಂದು ಹನ್ನೆರಡರ ವಯಸ್ಸಿಗೆ. 1944ರಲ್ಲಿ ವೈದ್ಯ ಪದವಿ ಮುಗಿಸಿದಾಗ ಸರ್ಕಾರ ಆತನನ್ನು ಕುರ್ಗಾನ್ ಪ್ರಾಂತ್ಯದ ದೊಲ್ಗೊವ್ಕಾ ಎಂಬ ಹಳ್ಳಿಗೆ ಕಳಿಸಿತು. ಯುದ್ಧದಲ್ಲಿ ಕೈಕಾಲು ನುಚ್ಚಾದ ಸೈನಿಕರು ಊರಿಗೆ ಮರಳುತ್ತಿದ್ದ ಕಾಲ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿದರೂ ಕೂಡದ ಎಲುಬುಗಳನ್ನು ನೋಡಿ ನೋಡಿ, 1950ರ ದಶಕದ ಆರಂಭದಲ್ಲಿ ಆತ ಹೊಸ ಸಾಧನವೊಂದನ್ನು ರೂಪಿಸಿದರು. ಎಲುಬಿನ ಮೂಲಕ ಅಡ್ಡಡ್ಡ ತೆಳು ತಂತಿಗಳನ್ನು ಹಾಯಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿಯಾಗಿ ಎಳೆದು, ಕಾಲಿನ ಸುತ್ತಲಿನ ಉಕ್ಕಿನ ಉಂಗುರಗಳಿಗೆ ಕಟ್ಟುವುದು. ಉಂಗುರಗಳನ್ನು ತಿರುಪು ಸರಳುಗಳಿಂದ ಜೋಡಿಸುವುದು. ರೋಗಿ ಆ ಚೌಕಟ್ಟಿನ ಮೇಲೆ ಕಾಲೂರಿ ನಡೆಯಬಹುದು.

ಈ ಸಾಧನ ಮೊದಲು ಎಲುಬಿನ ತುದಿಗಳನ್ನು ಒತ್ತಿ ಹಿಡಿಯಲಷ್ಟೇ ಇತ್ತು. ರೋಗಿಯೊಬ್ಬ ತಪ್ಪಿ ನಟ್ಟುಗಳನ್ನು ಉಲ್ಟಾ ತಿರುಗಿಸಿದನೆಂದೂ, ಒತ್ತಬೇಕಾದ ತುದಿಗಳು ದೂರ ಸರಿದು ನಡುವೆ ಹೊಸ ಎಲುಬು ಮೂಡಿದ್ದನ್ನು ಇಲಿಝಾರೊವ್ ಕಂಡರೆಂದೂ ಒಂದು ಕಥೆ ಹೇಳುತ್ತಾರೆ. ಮುಂದೆ ಅವರು ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಇದಕ್ಕೆ ಲೆಕ್ಕ ಕಂಡುಹಿಡಿದರು. ಎಲುಬನ್ನು ಜೋಪಾನವಾಗಿ ಕತ್ತರಿಸಿ, ಕೆಲವು ದಿನ ಕಾದು, ಆಮೇಲೆ ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆಯಬೇಕು. ಅದೂ ಒಮ್ಮೆಲೇ ಅಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ.

ಈ ಲೆಕ್ಕ ನನಗೆ ಪುಸ್ತಕದಿಂದ ಬಂದದ್ದಲ್ಲ. ಜೂನ್ 1992ರಲ್ಲಿ ಒಂಬತ್ತು ವರ್ಷದ ತಮ್ಮನ ಕಾಲಿಗೆ ಉಂಗುರ ಹಾಕಿದರು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಒತ್ತಿ ಕೂರಿಸಿದರು. ಗಿಡ್ಡವಾದ ಕಾಲನ್ನು ಉದ್ದ ಮಾಡಲು ಮೊಣಕಾಲಿನ ಹತ್ತಿರ ಎಲುಬನ್ನು ಬಿಡಿಸಿದರು. ಮನೆಗೆ ಬಂದ ಮೇಲೆ ಹತ್ತನೇ ನಂಬರಿನ ಪಾನಾ ಹಿಡಿದು ನಟ್ಟು ತಿರುಗಿಸುವುದು ಅವ್ವನ ಕೆಲಸ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಗುರುತಿಗೆಂದು ನಟ್ಟುಗಳ ಮೇಲೆ ಉಗುರಿನ ಬಣ್ಣ ಹಚ್ಚಿದ್ದಳು. ಪಿಯುಸಿ ಓದುತ್ತ ಎಚ್ಚರವಿರುತ್ತಿದ್ದ ನನ್ನ ಪಾಲಿಗೆ ರಾತ್ರಿ ಹನ್ನೆರಡರ ಸುತ್ತು.

ಒಂದು ವಾರ ನಾನು ಎರಡು ರಾತ್ರಿ ನಿದ್ದೆ ಹೋದೆ. ಯಾರಿಗೂ ಹೇಳದೆ, ಮೂರನೆಯ ರಾತ್ರಿ ಮೂರೂ ಸುತ್ತುಗಳನ್ನು ಒಟ್ಟಿಗೆ ತಿರುಗಿಸಿದೆ. ತಮ್ಮ ಹಾಸಿಗೆ ಕಚ್ಚಿಕೊಂಡು ಬೆಳತನಕ ನರಳಿದ. ಬೆಳಿಗ್ಗೆ ಅವ್ವನ ಮುಂದೆ ಅಳುತ್ತ ಒಪ್ಪಿಕೊಂಡೆ. ವೈದ್ಯರು ಬೈಯಲಿಲ್ಲ. ಎಕ್ಸ್‌ರೇ ಹಿಡಿದು, ಎಲುಬಿನ ಸಂದಿಯಲ್ಲಿ ಮಂಜಿನಂತೆ ಕಾಣುತ್ತಿದ್ದ ಎಳೆಗಳನ್ನು ತೋರಿಸಿದರು. 'ಅವಸರ ಮಾಡಿದರೆ ಈ ಎಳೆ ಹರಿಯುತ್ತದೆ, ನರಗಳೂ ನೋಯುತ್ತವೆ. ತಡಮಾಡಿದರೆ ಬೇಗ ಗಟ್ಟಿಯಾಗಿ ಮುಂದೆ ಎಳೆಯಲಿಕ್ಕೇ ಬರುವುದಿಲ್ಲ. ತಪ್ಪಿದರೆ ಅವತ್ತೇ ಹೇಳಬೇಕು' ಎಂದರು. ಅದೇ ಜುಲೈ ತಿಂಗಳಲ್ಲಿ ಇಲಿಝಾರೊವ್ ಕುರ್ಗಾನ್‌ನಲ್ಲಿ ತೀರಿಕೊಂಡ ಸುದ್ದಿಯನ್ನೂ ಅವರೇ ಹೇಳಿದ್ದು.

ಇದೆಲ್ಲ ನೆನೆಯುತ್ತಲೇ ಮರಿಯಾ ಉಲ್ಯಾನೊವಾ ಬೀದಿಯಲ್ಲಿರುವ ಇಲಿಝಾರೊವ್ ಕೇಂದ್ರದ ಮುಂದೆ ಬಂದು ನಿಂತೆವು. ವಿಶಾಲವಾದ ಕಟ್ಟಡ, ಸುತ್ತ ಮರಗಳು. ಕಾಲಿಗೆ ಉಂಗುರ ತೊಟ್ಟು, ಅದರ ಮೇಲೆ ಬಟ್ಟೆಯ ಗವಸು ಹಾಕಿಕೊಂಡು ಊರುಗೋಲು ಹಿಡಿದು ಅಡ್ಡಾಡುತ್ತಿದ್ದ ರೋಗಿಗಳು. ಅವ್ವನೂ ಹಳೆಯ ಸೀರೆಯಿಂದ ಅಂಥದೇ ಗವಸು ಹೊಲಿದಿದ್ದಳು. 'ಕಾಕಾನ ಕಾಲಿಗೆ ಹಾಕಿದ್ದು ಇದನ್ನೇ ಏನು?' ಎಂದು ಮಗಳು ಮೆಲ್ಲಗೆ ಕೇಳಿದಳು. ಹೂಂ ಎನ್ನಲೂ ಸ್ವಲ್ಪ ಹೊತ್ತು ಹಿಡಿಯಿತು.

ಇಲ್ಲಿಗೆ ಬಂದು ಹೋದವರ ಕಥೆಗಳೇ ದೊಡ್ಡವು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಆಪರೇಷನ್ ಮೇಲೆ ಆಪರೇಷನ್ ಆಗಿಯೂ ಗುಣವಾಗದೆ 1968ರಲ್ಲಿ ಇಲ್ಲಿಗೆ ಬಂದರು. ಆಮೇಲೆ ಮತ್ತೆ ಎರಡು ಮೀಟರ್ ಮೀರಿ ಜಿಗಿದರು. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಸುಮಾರು ಇಪ್ಪತ್ತು ವರ್ಷದಿಂದ ಕಾಡುತ್ತಿದ್ದ ಮುರಿದ ಕಾಲನ್ನು 1980ರಲ್ಲಿ ಇಲ್ಲಿ ಸರಿಮಾಡಿಸಿಕೊಂಡರು. ಆ ಕಾಲನ್ನು ಕಂಡು ಬೆರಗಾದ ಇಟಲಿಯ ವೈದ್ಯರು 1981ರಲ್ಲಿ ಇಲಿಝಾರೊವ್‌ರನ್ನು ತಮ್ಮ ಸಮ್ಮೇಳನಕ್ಕೆ ಕರೆಸಿದರು. ಮೂವತ್ತು ವರ್ಷ ಸೈಬೀರಿಯದೊಳಗೇ ಇದ್ದ ವಿದ್ಯೆ ಹಾಗೆ ಹೊರಜಗತ್ತಿಗೆ ತೆರೆದುಕೊಂಡಿತು.

ಆದರೆ ಎಲ್ಲವೂ ಪವಾಡವಲ್ಲ. ತಮ್ಮನ ಉಂಗುರ ತೆಗೆಯಲು ಹತ್ತು ತಿಂಗಳು ಬೇಕಾಯಿತು. ತಂತಿ ಹೊಕ್ಕ ಜಾಗಗಳಲ್ಲಿ ಎರಡು ಸಲ ಕೀವು ತುಂಬಿತು. ಹದಿನಾಲ್ಕನೇ ವಯಸ್ಸಿನಲ್ಲಿ ಕೂಡಿದ ಎಲುಬು ಮತ್ತೆ ಮುರಿದು, ಒಳಗೆ ಸರಳು ಹಾಕಿ, ಸೊಂಟದ ಎಲುಬಿನ ಚೂರು ತಂದು ತುಂಬಬೇಕಾಯಿತು. ಈ ದೋಷದಲ್ಲಿ ಬೆಳವಣಿಗೆ ಮುಗಿಯುವವರೆಗೂ ಆ ಭಯ ಇದ್ದೇ ಇರುತ್ತದೆ. ಏನೆಲ್ಲ ಮಾಡಿದರೂ ಕೂಡದ ಕೆಲವು ಮಕ್ಕಳಿಗೆ ಕೃತಕ ಕಾಲೇ ಒಳ್ಳೆಯ ಬದುಕು ಕೊಡುವುದೂ ಉಂಟು. ಕಾಲು ತೆಗೆಯಿರಿ ಎಂದ ಆ ಮೊದಲ ವೈದ್ಯರ ಮೇಲೆ ನನಗೀಗ ಸಿಟ್ಟಿಲ್ಲ.

ಹಿಂತಿರುಗುವ ರೈಲಿನಲ್ಲಿ ಮಗಳು ಒಂದು ಮಾತು ತೆಗೆದಳು. ಅವಳ ಸಹಪಾಠಿಯೊಬ್ಬ ಎತ್ತರವಾಗಬೇಕೆಂದು ಇದೇ ಬಗೆಯ ಆಪರೇಷನ್ ಮಾಡಿಸಿಕೊಳ್ಳುವ ಯೋಚನೆಯಲ್ಲಿದ್ದಾನಂತೆ. ಗಟ್ಟಿಮುಟ್ಟಾದ ಎರಡು ಕಾಲುಗಳನ್ನು ಕತ್ತರಿಸಿಕೊಂಡು, ಕೀವು, ಕೀಲು ಬಿಗಿತ, ನರದ ನೋವಿನ ಅಪಾಯವನ್ನು ಮೈಮೇಲೆ ಎಳೆದುಕೊಂಡು, ತಿಂಗಳುಗಟ್ಟಲೆ ಓದು ಕಳೆದುಕೊಳ್ಳುವುದು ಮೂರಂಗುಲಕ್ಕಾಗಿ! ನಾನು ಅವಳಿಗೆ ಆ ಮೂರನೆಯ ರಾತ್ರಿಯ ಕಥೆ ಹೇಳಿದೆ. ಅದುವರೆಗೆ ಅವಳಿಗೆ ಹೇಳಿರಲಿಲ್ಲ. 'ಅವನಿಗೆ ಇದನ್ನು ಹೇಳಲೇನು?' ಎಂದಳು. ಹೇಳು ಎಂದೆ.

ಮಗುವಿನ ಕಾಲು ಮೊಣಕಾಲಿನ ಕೆಳಗೆ ಮುಂದಕ್ಕೆ ಬಾಗಿದ್ದರೆ, ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿದ್ದರೆ, ತಿಕ್ಕುವುದು ಕಟ್ಟುವುದು ಮಾಡದೆ ಮುರಿಯುವ ಮೊದಲೇ ಮೂಳೆ ವೈದ್ಯರಿಗೆ ತೋರಿಸಬೇಕು. ಆಸರೆಯ ಪಟ್ಟಿ ಕಟ್ಟಿ ಎಷ್ಟೋ ಕಾಲ ಮುರಿತವನ್ನು ತಡೆಯಲು ಪ್ರಯತ್ನಿಸಬಹುದು. ನಮಗೆ ಆಗ ಅದನ್ನು ಹೇಳುವವರಿರಲಿಲ್ಲ.

ತಮ್ಮ ಈಗ ಧಾರವಾಡದ ಹತ್ತಿರ ಶಾಲಾ ಮಾಸ್ತರ. ಎಡಗಾಲಿನ ಬೂಟಿನ ಹಿಮ್ಮಡಿ ಎರಡು ಸೆಂಟಿಮೀಟರ್ ಎತ್ತರ. ಕುರ್ಗಾನ್‌ನಿಂದ ಫೋನ್ ಮಾಡಿ, 'ನಿನ್ನ ಉಂಗುರದ ಊರಿನಲ್ಲಿದ್ದೇನೋ' ಎಂದೆ. ಆಚೆಯಿಂದ ನಗು ಕೇಳಿಸಿತು. 'ಅಣ್ಣಾ, ಹನ್ನೆರಡು ಗಂಟೆಗೆ ಮಲಗಿಬಿಡಬ್ಯಾಡ' ಎಂದ.

ಆ ಪಾನಾ ಇಂದಿಗೂ ಅವ್ವನ ದೇವರ ಮನೆಯ ಗೂಡಿನಲ್ಲಿದೆ.