ಕಾಡನ್ನು ಬಲ್ಲ ಅಜ್ಜ

ಶರಾವತೀ ನದಿಯು ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುವುದೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಜೋಗಕ್ಕಿಂತ ಮೇಲೆ ಆ ನದಿಯ ಇಕ್ಕೆಲಗಳಲ್ಲಿ ಒಂದು ಕಾಲಕ್ಕೆ ಎಂತಹ ಊರುಗಳಿದ್ದುವು, ಅಲ್ಲಿ ಎಂತಹ ಜನರು ಬಾಳಿದರು ಎಂಬುದನ್ನು ಕಂಡು ಬಲ್ಲವರು ಈಗ ವಿರಳರು. ಸಾಗರ ತಾಲ್ಲೂಕಿನ ಅಂತಹದೊಂದು ಊರಿನಲ್ಲಿ, ಕಳೆದ ಶತಮಾನದ ಆರಂಭದಲ್ಲಿ ಹುಟ್ಟಿ, ಎಂಬತ್ತನ್ನು ಮೀರಿ ಬಾಳಿದ ಹಿರಿಯರೊಬ್ಬರನ್ನು ಮನೆಯವರೂ ಊರವರೂ ‘ಅಜ್ಜ’ ಎಂದೇ ಕರೆಯುತ್ತಿದ್ದರು. ಅವರು ಗ್ರಂಥಕರ್ತರಲ್ಲ, ಸಭೆಗಳಲ್ಲಿ ಮಾತನಾಡಿದವರೂ ಅಲ್ಲ. ಸೂರಿನ ಕೆಳಗೆ ಕಳೆದ ಹಗಲುಗಳು ಅವರ ಆಯುಷ್ಯದಲ್ಲಿ ಕಡಮೆ.

ಬೆಳಗಿನ ಸಂಧ್ಯಾವಂದನೆ ಮುಗಿದೊಡನೆ ಬಾಯಲ್ಲಿ ಕವಳ, ಸೊಂಟದಲ್ಲಿ ಕತ್ತಿ, ಮಳೆಗಾಲವಾದರೆ ತಲೆಯ ಮೇಲೆ ಕಂಬಳಿಕೊಪ್ಪೆ. ಇಷ್ಟೇ ಅವರ ಪ್ರಯಾಣಸಾಮಗ್ರಿ. ತೋಟವನ್ನು ಒಮ್ಮೆ ಸುತ್ತಿ, ಸೊಪ್ಪಿನಬೆಟ್ಟವನ್ನು ಏರಿ, ಅದರಾಚೆಯ ಕಾಡನ್ನು ಹೊಕ್ಕು, ಹೊಳೆಯ ದಂಡೆಯಿಂದ ಹಿಂದಿರುಗುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಕಾಲಿಗೆ ಕಚ್ಚಿದ ಉಂಬಳಗಳನ್ನು ಮನೆಯ ಮೆಟ್ಟಿಲಲ್ಲಿ ಕುಳಿತು ಸುಣ್ಣ ತಾಗಿಸಿ ಬಿಡಿಸುವಾಗ, ಅಂದು ಕಂಡ ಸಮಾಚಾರವನ್ನು ಮೊಮ್ಮಕ್ಕಳಿಗೆ ಹೇಳುವರು. ಯಾವ ಮತ್ತಿಯ ಮರದಲ್ಲಿ ಜೇನು ಕೂತಿದೆ, ಎಲ್ಲಿ ಉಪ್ಪಾಗೆಯ ಹಣ್ಣು ಉದುರುತ್ತಿದೆ, ಯಾವ ಒರತೆ ಬತ್ತಿತು ಎಂಬುವೇ ಆ ಮನೆಯ ವರ್ತಮಾನಪತ್ರಿಕೆಯಾಗಿದ್ದುವು.

ಮಳೆಯ ವಿಷಯದಲ್ಲಿ ಅವರ ಮಾತು ತಪ್ಪಿದ್ದು ಅಪೂರ್ವ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುವನೆಂಬ ಪಂಚಾಂಗದ ಲೆಕ್ಕ ಅವರಿಗೆ ಬಾಯಿಪಾಠ. ಆದರೆ ಆರಿದ್ರೆ ಹುಟ್ಟಿತೆಂದ ಮಾತ್ರಕ್ಕೆ ಅವರು ಕೆಲಸದವರನ್ನು ಕರೆಯುತ್ತಿರಲಿಲ್ಲ. ಮೊದಲು ಹೊರಗೆ ಹೋಗಿ ನೆಲವನ್ನು ನೋಡುವರು. ಇರುವೆಗಳು ಮೊಟ್ಟೆಗಳನ್ನು ಹೊತ್ತು ಸ್ಥಳ ಬದಲಿಸುವುದು ಸಮೀಪದ ಮಳೆಗೆ ಸೂಚನೆಯೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಅಜ್ಜ ಆ ಗ್ರಂಥವನ್ನು ಕಂಡವರಲ್ಲ. ಇರುವೆಗಳನ್ನು ಮಾತ್ರ ಚೆನ್ನಾಗಿ ಕಂಡಿದ್ದರು.

ಅವರಿಗೆ ಕಾಡು ವಿನೋದದ ಸ್ಥಳವಾಗಿರಲಿಲ್ಲ. ಅಲ್ಲಿಯೂ ಮನೆಯಲ್ಲಿರುವಂತೆ ಮರ್ಯಾದೆಗಳಿದ್ದುವು. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಮರದ ಸುಳಿಗೆ ಕತ್ತಿ ಹಾಕಬಾರದು. ಹಲಸಿನ ಮರದಲ್ಲಿ ತುದಿಯ ಹಣ್ಣುಗಳನ್ನು ಮೃಗಪಕ್ಷಿಗಳಿಗೆ ಬಿಡಬೇಕು. ಒಂದು ಬೇಸಗೆಯಲ್ಲಿ ಮೊಮ್ಮಗನೊಬ್ಬನು ದೊಡ್ಡ ಮರದ ಪೊಟರೆಯ ಬಾಯನ್ನು ಏನೋ ಮೆತ್ತಿ ಮುಚ್ಚಿದ್ದನ್ನು ಕಂಡು ಹತ್ತಲು ಹೊರಟನು. ಅಜ್ಜ ಅವನ ರಟ್ಟೆ ಹಿಡಿದು, “ಒಳಗೆ ಬಾಣಂತಿ ಇದ್ದಾಳೆ, ಮಾಣಿ. ಹೊರಗಿನವರು ಹೋಗಬಾರದು” ಎಂದರು. ಅದು ಮಂಗಟ್ಟೆಯ ಗೂಡು. ಹೆಣ್ಣುಹಕ್ಕಿ ಒಳಗೆ ಕುಳಿತು, ಕೊಕ್ಕು ಚಾಚುವಷ್ಟು ಸೀಳನ್ನು ಮಾತ್ರ ಉಳಿಸಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಗಂಡು ಅತ್ತಿ ಬಸರಿಗಳ ಹಣ್ಣನ್ನು ತಂದು ಆ ಸೀಳಿನಲ್ಲಿ ಉಣ್ಣಿಸುತ್ತದೆ. ಇಬ್ಬರೂ ಪೊದೆಯ ಮರೆಯಲ್ಲಿ ಕುಳಿತು ಬಹಳ ಹೊತ್ತು ಕಾದು ಅದನ್ನು ನೋಡಿದರು. ಹೊರಗಿನ ಒಂದನ್ನು ಹೊಡೆದರೆ ಒಳಗಿನವೂ ಹಸಿವಿಗೆ ಗುರಿಯಾಗುವುವೆಂದು ಅಜ್ಜ ತಿಳಿಸಿದರು. ಆ ಬಾಲಕನು ದೊಡ್ಡವನಾದ ಮೇಲೂ ಕೋವಿಯನ್ನು ಹಿಡಿಯಲಿಲ್ಲ.

1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದು ಜೋಗದಲ್ಲಿ ವಿದ್ಯುತ್ತು ಹುಟ್ಟಿತು. ಆಗ ನೀರು ಅಜ್ಜನ ಕೆಳಗದ್ದೆಗಳ ಅಂಚಿಗೆ ಬಂದು ನಿಂತಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ನೀರಿನಲ್ಲಿ ಮುಳುಗಿತು. ಅದರೊಡನೆ ಮನೆ, ತೋಟ, ಬೆಟ್ಟ, ಮಂಗಟ್ಟೆಯ ಮರ ಎಲ್ಲವೂ ಹೋದುವು. ಸಾವಿರಾರು ಜನರು ಗಂಟುಮೂಟೆ ಕಟ್ಟಿ ಹೊರಟರು. ಅವರಲ್ಲಿ ಹಲವರಿಗೆ ಹೊಸ ನೆಲದ ಹಕ್ಕುಪತ್ರದ ಚಿಂತೆ ದಶಕಗಳು ಕಳೆದರೂ ತೀರಲಿಲ್ಲ. ಅಜ್ಜನಿಗೆ ಆಗ ಅರುವತ್ತು ದಾಟಿತ್ತು. ದೇವರ ಪೆಟ್ಟಿಗೆಯನ್ನು ಮಗನ ಕೈಗೆ ಕೊಟ್ಟು, ತಾವು ಹೊಳೆಸಾಲಿನ ಅಪ್ಪೆಮಾವಿನ ನಾಲ್ಕು ಸಸಿಗಳನ್ನು ಮಣ್ಣುಸಹಿತ ಅಡಿಕೆಹಾಳೆಯಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದರು. ದಾರಿಯಲ್ಲಿ ಯಾರೋ ಅಣೆಕಟ್ಟನ್ನು ಶಪಿಸಿದಾಗ, “ನಾಡಿಗೆ ಬೆಳಕು ಬರುವುದಾದರೆ ಬರಲಿ. ಆದರೆ ಇಲ್ಲಿ ಹೋದದ್ದು ಏನೆಂದು ಬಲ್ಲವರು ನಾಲ್ಕು ಜನರಾದರೂ ಇರಬೇಕು” ಎಂದರಂತೆ.

ಹೊಸ ಊರು ಅದೇ ಜಿಲ್ಲೆಯಲ್ಲಿದ್ದರೂ ಮಳೆ ಕಡಮೆ, ಮಣ್ಣು ಬೇರೆ, ಮರಗಳು ಬೇರೆ. ವಯಸ್ಸಾದ ಮರವನ್ನು ಕಿತ್ತು ನೆಟ್ಟರೆ ಬದುಕುವುದಿಲ್ಲವೆಂದು ಮನೆಯವರು ಒಳಗೊಳಗೇ ಅಂಜಿದರು. ಆದರೆ ಮರುದಿನ ಬೆಳಗ್ಗೆ ಅಜ್ಜ ಕತ್ತಿಯನ್ನು ಸಿಕ್ಕಿಸಿಕೊಂಡು ಹೊರಟುಬಿಟ್ಟರು. ಆ ಸೀಮೆಯ ದನಕಾಯುವ ಹುಡುಗನೊಬ್ಬನನ್ನು ಜೊತೆಗೆ ಕರೆದು, ಈ ಗಿಡಕ್ಕೆ ಇಲ್ಲಿ ಏನನ್ನುತ್ತಾರೆ, ಆ ಹಕ್ಕಿ ಯಾವ ತಿಂಗಳು ಬರುತ್ತದೆ ಎಂದು ಶಿಷ್ಯನಂತೆ ಕೇಳತೊಡಗಿದರು. ಒಂದು ಕಾಡನ್ನೆಲ್ಲ ಬಲ್ಲವರು ಅರುವತ್ತರ ಮೇಲೆ ಮತ್ತೊಂದು ಕಾಡಿನ ಓನಾಮದಿಂದ ಆರಂಭಿಸಿದರು. ಅವರಿಗೆ ದುಃಖವಿರಲಿಲ್ಲವೆಂದಲ್ಲ. ಸಂಜೆ ಜಗಲಿಯಲ್ಲಿ ಕುಳಿತಾಗ ಅವರ ಮುಖ ಪಡುವಣಕ್ಕೆ ತಿರುಗಿರುತ್ತಿತ್ತು; ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ಮಳೆ ಕೊರೆಯಾದ ಒಂದು ವರ್ಷ, ಬೇಸಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿಯಿತು. ಮೊಮ್ಮಕ್ಕಳು ಬಲವಂತಮಾಡಿ ಅಜ್ಜನನ್ನು ಅಲ್ಲಿಗೆ ಕರೆದೊಯ್ದರು. ಬಿರಿದ ಕೆಸರಿನಲ್ಲಿ ಕರಿಯ ಮರದ ಬೊಡ್ಡೆಗಳು ನಿಂತಿದ್ದುವು. ಎಳೆಯರ ಕಣ್ಣಿಗೆ ಎಲ್ಲವೂ ಒಂದೇ. ಅಜ್ಜ ಕೋಲೂರಿ ನಡೆಯುತ್ತ ಒಂದೊಂದನ್ನೂ ಮುಟ್ಟಿ, “ಇದು ನಂದಿ, ಇದು ಹೊನ್ನೆ, ಇದು ರಂಜ” ಎಂದು ಹೆಸರು ಹೇಳಿದರು. ಮನೆಯ ಮೆಟ್ಟಿಲುಕಲ್ಲು ಸಿಕ್ಕಾಗ ಅದರ ಮೇಲೆ ಸ್ವಲ್ಪ ಹೊತ್ತು ಕುಳಿತು, ಮೊದಲಿನಂತೆಯೇ ಕಾಲನ್ನು ನೋಡಿಕೊಂಡು, “ಈಗ ಉಂಬಳವೂ ಇಲ್ಲ” ಎಂದರು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಆ ಬಳಿಕ ಹಲವು ವರ್ಷ ಬಾಳಿ, ಒಂದು ಸ್ವಾತಿಮಳೆಯ ದಿನಗಳಲ್ಲಿ ಅವರು ತೀರಿಕೊಂಡರು. ತಂದ ನಾಲ್ಕು ಸಸಿಗಳಲ್ಲಿ ಬದುಕಿದ್ದು ಒಂದೇ. ಅದರ ಮಿಡಿಗೆ ತಾಯಿಮರದ ಪರಿಮಳ ಬರಲಿಲ್ಲವೆಂದು ಅಜ್ಜಿ ಕೊರಗಿದಾಗ ಅಜ್ಜ, “ಅದಕ್ಕೆ ಅದರದೇ ಪರಿಮಳ ಇರಲಿ” ಎಂದಿದ್ದರು. 2025ರಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಹಿನ್ನೀರಿನ ಮೇಲೆ ಸೇತುವೆ ಆಗಿದೆ. ಅದರ ಮೇಲೆ ಹೋಗುವವರು ನೀರಿನ ಸೊಬಗನ್ನು ಮೆಚ್ಚುವುದು ಸಹಜವೇ. ಅಂದು ಬೊಡ್ಡೆಗಳ ಹೆಸರನ್ನು ಕೇಳಿದ ಮೊಮ್ಮಕ್ಕಳು ಈಗ ತಾವೇ ಅಜ್ಜಂದಿರಾಗಿದ್ದಾರೆ. ಫಾಲ್ಗುಣದಲ್ಲಿ ಆ ಮಾವಿನ ಮಿಡಿ ಕೊಯ್ಯುವ ದಿನ ಎಲ್ಲರೂ ಮಕ್ಕಳುಮರಿಗಳೊಡನೆ ಅಲ್ಲಿ ಸೇರುತ್ತಾರೆ. ಭರಣಿ ತುಂಬಿದ ಮೇಲೆ ಕಿರಿಯರನ್ನು ಕರೆದುಕೊಂಡು ಊರಾಚೆಯ ಕಾಡಿಗೆ ನಡೆದು, ಗಿಡಮರಗಳ ಹೆಸರನ್ನು ಕೇಳಿ ಹೇಳಿಸುತ್ತಾರೆ.