ಕೋಟೆಯವರ ಹಾಡು, ಪೇಟೆಯವರ ಬಾಯಿ

‘ಪ್ರೇಮಲೋಕ’ದ ಹಾಡನ್ನು ಕೋಟೆ ಬೀದಿಯವರು ಕದ್ದರು ಎಂದು ನಮ್ಮ ಪೇಟೆ ಬೀದಿಯಲ್ಲಿ ಒಂದು ವಾರ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಹಾಡು ಹಂಸಲೇಖ ಅವರದು, ಸಿನಿಮಾ ರವಿಚಂದ್ರನ್ ಅವರದು, ಕ್ಯಾಸೆಟ್ಟನ್ನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕಾಸಿದ್ದ ಯಾರು ಬೇಕಾದರೂ ಕೊಳ್ಳಬಹುದಿತ್ತು. ಇದರಲ್ಲಿ ನಿಮ್ಮದೇನು ಬಂತು ಎಂದು ಆಗ ಯಾರಾದರೂ ಕೇಳಿದ್ದರೆ ಹೊಡೆದಾಟವೇ ಆಗಿಬಿಡುತ್ತಿತ್ತು. 1987ರಲ್ಲಿ ಆ ಸಿನಿಮಾ ಬಂದಾಗ ಊರಿಗೆ ಮೊದಲು ಕ್ಯಾಸೆಟ್ಟು ತಂದವರು ನಾವು. ವಾದ್ಯದ ಒಂದೊಂದು ಬಿಟ್ಟಿಗೂ ಟೇಪನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಸಿಕ್ಕಿಕೊಂಡಾಗ ಚಕ್ರಕ್ಕೆ ಪೆನ್ಸಿಲ್ ತೂರಿಸಿ ಸುತ್ತಿ, ಸಿಂಥಸೈಸರ್ ನುಡಿಯುವ ಕಡೆಯಲ್ಲೆಲ್ಲ ಹಾರ್ಮೋನಿಯಮ್ಮನ್ನೂ ಬುಲ್‌ಬುಲ್ ತರಂಗವನ್ನೂ ಹೇಗೋ ಒಪ್ಪಿಸಿ ಕಲಿತವರು ನಾವು. ಇಷ್ಟು ಬೆವರು ಹರಿಸಿದ ಮೇಲೆ ಹಾಡು ಯಾರದಾಗಬೇಕು, ನೀವೇ ಹೇಳಿ.

ನಮ್ಮೂರು ಬೆಂಗಳೂರು–ಅರಸೀಕೆರೆ ರೈಲು ದಾರಿಯ ತೆಂಗಿನ ಸೀಮೆಯ ಊರು. ಎರಡು ಬೀದಿ, ಎರಡು ಗಣಪತಿ, ಎರಡು ಆರ್ಕೆಸ್ಟ್ರಾ. ಚಂದಾ ಎತ್ತುವುದರಿಂದ ಹಿಡಿದು ಗಣಪತಿಯ ಸೊಂಡಿಲ ಉದ್ದದವರೆಗೆ ಎಲ್ಲದರಲ್ಲೂ ಪೈಪೋಟಿ. ಎರಡು ತಂಡದಲ್ಲೂ ಒಬ್ಬೊಬ್ಬ ಎಸ್‌ಪಿಬಿ, ಒಬ್ಬೊಬ್ಬಳು ಜಾನಕಿ. ರಾಜ್‌ಕುಮಾರ್ ಮಾತ್ರ ಇಬ್ಬಿಬ್ಬರು. ಅದಕ್ಕೂ ಕಾರಣವಿದೆ: 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡಿಕೊಳ್ಳತೊಡಗಿದರು, ಅದಕ್ಕೆ ಮೊದಲು ಅವರ ಕಂಠವೆಂದರೆ ಪಿ.ಬಿ. ಶ್ರೀನಿವಾಸ್. ಹಾಗಾಗಿ ಎಪ್ಪತ್ನಾಲ್ಕರ ಹಿಂದಿನ ರಾಜ್‌ಕುಮಾರ್‌ಗೆ ಒಬ್ಬ ಗಾಯಕ, ಮುಂದಿನ ರಾಜ್‌ಕುಮಾರ್‌ಗೆ ಇನ್ನೊಬ್ಬ. ಕೋಟೆಯವರ ಪಿಬಿಎಸ್ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಮನುಷ್ಯ. ಹಗಲೆಲ್ಲ ಧೂಳು ಕುಡಿದ ಗಂಟಲಿನಿಂದ ರಾತ್ರಿ ಅಷ್ಟು ಮೆತ್ತಗಿನ ದನಿ ಎಲ್ಲಿಂದ ಬರುತ್ತಿತ್ತೋ ನಾನು ಕಾಣೆ. ನಾನು ಪೇಟೆ ತಂಡದ ಹಾರ್ಮೋನಿಯಂ. ಆಮೇಲೆ ಕ್ಯಾಸಿಯೊ ಬಂತು, ನಾನು ಕ್ಯಾಸಿಯೊ ಆದೆ.

ಜಗಳ ಬಿಡಿಸಿದವರು ಊರಿನ ಪಿಟೀಲು ಮೇಷ್ಟ್ರು. ಸರ್ಕಾರಿ ಶಾಲೆಯ ನೌಕರಿಯಲ್ಲಿದ್ದಾಗ ಅವರನ್ನು ಬಿಜಾಪುರದ ಕಡೆಗೆ ಎತ್ತಿ ಹಾಕಿದ್ದರಂತೆ. ಅಲ್ಲಿ ನೋಡಿದ ಹರದೇಶಿ–ನಾಗೇಶಿಯ ಗುಂಗು ಅವರ ತಲೆಯಿಂದ ಕೊನೆತನಕ ಇಳಿಯಲಿಲ್ಲ. ಒಂದು ಮೇಳ ಗಂಡಿನ ಪಕ್ಷ ಹಿಡಿದು ಶಿವನೇ ಹೆಚ್ಚು ಎಂದು ಹಾಡಿದರೆ, ಇನ್ನೊಂದು ಹೆಣ್ಣಿನ ಪಕ್ಷ ಹಿಡಿದು ಶಕ್ತಿಯೇ ಹೆಚ್ಚು ಎಂದು ಹಾಡುತ್ತದೆ. ದಪ್ಪು ಬಡಿಯುತ್ತ, ತುಂತುಣಿ ಮೀಟುತ್ತ ಬೆಳ್ಳಂಬೆಳಗಾಗುತ್ತದೆ. “ಜವಾಬು ಕೊಡಬೇಕಾದರೆ ಎದುರಾಳಿ ಹಾಡಿದ್ದನ್ನ ಕಿವಿಗೊಟ್ಟು ಕೇಳಬೇಕು ಕಣಯ್ಯ. ನೀವು ಅವರು ಹಾಡೋವಾಗ ಬೀಡಿ ಸೇದೋಕೆ ಹೋಗ್ತೀರಿ” ಅಂದರು ಮೇಷ್ಟ್ರು. ಆಮೇಲೆ ತೀರ್ಪು ಹೇಳಿದರು: ಗಣಪತಿ ಬಿಡುವ ಹಿಂದಿನ ರಾತ್ರಿ ಎರಡು ಬೀದಿಗೂ ಸೇರಿ ಒಂದೇ ಚಪ್ಪರ, ಒಂದೇ ಮೈಕು. ಕೋಟೆಯವರ ಪಟ್ಟಿಯನ್ನು ಪೇಟೆಯವರು ಹಾಡಬೇಕು, ಪೇಟೆಯವರ ಪಟ್ಟಿಯನ್ನು ಕೋಟೆಯವರು. ಇನ್ನು ಕದ್ದರು ಎನ್ನುವ ಮಾತೇ ಬರಕೂಡದು.

ಊರವರು ಅದಕ್ಕೆ ಅದಲು ಬದಲು ಎಂದರು. ವರ್ಷಕ್ಕೊಂದು ಸಲ, ಹಲವು ವರ್ಷ ನಡೆಯಿತು.

ಮೊದಲ ವರ್ಷ ನಡೆದದ್ದು ಬರೀ ಸೇಡು. ಕೋಟೆಯವರು ನಮಗೆ ಬೇಕೆಂದೇ ತಾರಸ್ಥಾಯಿಯ ಹಾಡುಗಳನ್ನು ಕೊಟ್ಟರು. ನಾವು ಅವರಿಗೆ ಉಸಿರು ಬಿಡಲೂ ಎಡೆಯಿಲ್ಲದ ಹಾಡುಗಳನ್ನು ಕೊಟ್ಟೆವು. ಭಾದ್ರಪದದ ಮಳೆ ಬೇರೆ. ಚಪ್ಪರದ ಗರಿ ಸೋರಿ ಢೋಲಕ್ಕಿನ ಚರ್ಮ ತೊಯ್ದು, ಬಡಿದರೆ ಹಸಿ ಗೋಡೆಗೆ ಸಗಣಿ ತಟ್ಟಿದಂಥ ಸದ್ದು. ನಮ್ಮ ಢೋಲಕ್ಕಿನವನು ಅದನ್ನು ಪುರಿ ಭಟ್ಟಿಯ ಕೆಂಡದ ಮುಂದೆ ಹಿಡಿದು ಕೂತ, ಮಗುವಿನ ಹೊಟ್ಟೆಗೆ ಶಾಖ ಕೊಡುವವನ ಹಾಗೆ. ಪಕ್ಕದಲ್ಲೇ ಕೋಟೆಯ ಢೋಲಕ್ಕಿನವನೂ ತನ್ನದನ್ನು ಹಿಡಿದು ಕೂತಿದ್ದ. ವರ್ಷಗಟ್ಟಲೆ ಮುಖ ನೋಡದಿದ್ದ ಇಬ್ಬರೂ ಆ ಕೆಂಡದ ಮುಂದೆ ಮೊದಲ ಮಾತು ಆಡಿದರು. ಆಡಿದ್ದು ಹಗ್ಗ ಬಿಗಿಯುವ ವಿಚಾರ. ಶಾಂತಿ ಮಾತುಕತೆ ಅಂತ ನಾನು ಕಣ್ಣಾರೆ ಕಂಡದ್ದು ಅದೊಂದೇ.

ಎರಡನೆಯ ವರ್ಷದಿಂದ ಒಂದು ವಿಚಿತ್ರ ಶುರುವಾಯಿತು. ಅವರ ಹಾಡು ಕಲಿಯಬೇಕಲ್ಲ. ಕ್ಯಾಸೆಟ್ಟಿನಿಂದ ಕಲಿತರೆ ಸಾಲದು, ಅವರು ಹಾಡುವ ಧಾಟಿಯಲ್ಲೇ ಕಲಿತು ಅದಕ್ಕಿಂತ ಒಂದು ಕೈ ಮೇಲೆ ಹಾಡಬೇಕು. ಅದಕ್ಕಾಗಿ ನಮ್ಮವರು ಅವರ ರಿಹರ್ಸಲ್ ನಡೆಯುವ ಕಡೆ ಕದ್ದು ಹೋಗಿ ಗೋಡೆಗೆ ಕಿವಿ ಕೊಟ್ಟು ನಿಂತರು. ಅಷ್ಟು ವರ್ಷ ಗದ್ದಲ ಎಂದುಕೊಂಡಿದ್ದರಲ್ಲಿ ಏನೇನೋ ಕೇಳಿಸಿತು. ಮೂಲದಲ್ಲಿ ಪಿಟೀಲುಗಳು ನುಡಿಯುವ ಕಡೆ ಅವರು ಮ್ಯಾಂಡೊಲಿನ್ ಹಾಕಿದ್ದರು. ಹೆಣ್ಣು ದನಿಗೆ ಎಟುಕಲೆಂದು ಇಡೀ ಯುಗಳಗೀತೆಯ ಸ್ಕೇಲ್ ಇಳಿಸಿ, ಗಂಡು ದನಿ ಪಾತಾಳಕ್ಕೆ ಮುಟ್ಟುವ ಕಡೆ ಸಾಲನ್ನೇ ತಿರುಚಿದ್ದರು. ಸಾಲದಲ್ಲಿ ತಂದ ಪಾತ್ರೆಗೆ ಕಲಾಯಿ ಹಾಕಿಸಿಕೊಂಡಂತೆ.

ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ಹಾಡಿನಲ್ಲಿ ಕೈಗಡ ಎನ್ನುವುದು ನಮ್ಮಲ್ಲಿ ನಾಚಿಕೆಯ ವಿಷಯವೇ ಆಗಿರಲಿಲ್ಲ. ನಮ್ಮಜ್ಜಿಯ ಭಜನೆ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಇನ್ಯಾವುದೋ ಹಾಡಿನ ಹೆಸರು ಹಾಕಿರುತ್ತಿದ್ದರು. ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿ ಅದೇ ‘ಮಟ್ಟು’. ಮರಾಠಿ ಹಾಡಿನ ಮಟ್ಟೂ ಉಂಟು, ಹಿಂದಿಯದೂ ಉಂಟು. ಎಲ್ಲಿಂದ ತಂದೆವೆಂದು ಮೇಲೇ ಬರೆದುಬಿಟ್ಟ ಮೇಲೆ ಕಳ್ಳತನ ಎಲ್ಲಿ ಬಂತು? ದಾಸರ ಪದಗಳಂತೂ ಸರಿಯೇ. ದಾಸರು ಹಾಡಿದ ಮೂಲ ಧಾಟಿಗಳು ಬಹುಪಾಲು ನಮ್ಮ ಕೈಗೆ ಉಳಿದಿಲ್ಲ. ಭೀಮಸೇನ ಜೋಶಿಯವರ ಬಾಯಲ್ಲಿ ಕೇಳಿದ ಪುರಂದರದಾಸರಿಗೂ ಮೈಸೂರಿನ ವಿದ್ವಾಂಸರ ಬಾಯಲ್ಲಿ ಕೇಳಿದ ಪುರಂದರದಾಸರಿಗೂ ಸೋದರಸಂಬಂಧವಷ್ಟೇ. ಆದರೂ ಯಾರೂ ದಾಸರನ್ನು ಕೆಡಿಸಿದರು ಎಂದು ಬೀದಿಗಿಳಿಯಲಿಲ್ಲ.

ಕುವೆಂಪು ಅವರ ನಾಡಗೀತೆಯ ಮಟ್ಟಿಗೆ ಮಾತ್ರ ಹಾಗಾಗಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂದು ವರ್ಷಾನುಗಟ್ಟಲೆ ವಾದ ಬೆಳೆದು, ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದಲ್ಲಿ ಮುಗಿಸಿ ಹಾಡತಕ್ಕದ್ದು ಎಂದು ಆದೇಶಿಸಿತು. ಅದರ ಮೇಲೂ ಹೈಕೋರ್ಟಿಗೆ ಹೋದರು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡುವ ಹಾಡಿಗೆ ಒಂದು ಕಟ್ಟಳೆ ಬೇಕು, ಒಪ್ಪುತ್ತೇನೆ. ಆದರೆ ನನಗೆ ನಮ್ಮ ಪಿಟೀಲು ಮೇಷ್ಟ್ರ ನೆನಪಾಯಿತು. ಅವರ ಹತ್ತಿರ ಬಿಟ್ಟಿದ್ದರೆ ಬೆಸ ತಿಂಗಳಿಗೊಂದು ಧಾಟಿ, ಸರಿ ತಿಂಗಳಿಗೊಂದು ಧಾಟಿ ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತಿದ್ದರು.

ಈಗ ನನ್ನ ಹಾಡಿನ ಕಥೆಗೆ ಬರುತ್ತೇನೆ. ಸಿನಿಮಾ ಹಾಡಷ್ಟೇ ಆದರೆ ಸಪ್ಪೆ, ಒಂದಾದರೂ ಸ್ವಂತದ್ದಿರಲಿ ಎಂದು ಮೇಷ್ಟ್ರು ಎರಡು ತಂಡಕ್ಕೂ ಹಟ ಹಿಡಿದು ಒಂದೊಂದು ಗಣಪತಿ ಹಾಡು ಕಟ್ಟಿಸಿದರು. ನಮ್ಮದನ್ನು ಕಟ್ಟಿದವನು ನಾನು. ನಮ್ಮೂರ ಸಂತೆಗೆ ಬಂದ ಗಣಪ ಕೊಬ್ಬರಿ ಮಂಡಿಯ ದೊಡ್ಡ ತಕ್ಕಡಿ ನೋಡುತ್ತಾನೆ, ಒಂದು ತಟ್ಟೆಯಲ್ಲಿ ತಾನು ಕೂರುತ್ತಾನೆ, ಇನ್ನೊಂದರಲ್ಲಿ ಇಲಿಯನ್ನು ಕೂರಿಸುತ್ತಾನೆ. ತೂಕ ಸಮ. ಬಹಳ ದೊಡ್ಡ ತತ್ವ ಹೇಳಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಆದರೆ ಸಾಲು ಸ್ವಲ್ಪ ಉದ್ದವಾಗಿತ್ತು. ನಮ್ಮ ಗಾಯಕ ಅದನ್ನು ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಿ ‘ಸಮ’ದ ಹತ್ತಿರ ಬರುವ ಹೊತ್ತಿಗೆ ದಮ್ಮು ಮುಗಿದು ಆ ಎರಡು ಅಕ್ಷರವನ್ನು ನುಂಗಿಬಿಡುತ್ತಿದ್ದ. ತತ್ವ ಪ್ರತಿ ವರ್ಷ ಅವನ ಹೊಟ್ಟೆಗೇ ಹೋಗುತ್ತಿತ್ತು. ತಪ್ಪು ಅವನದೆಂದು ನಾನು ಬೈಯುತ್ತಿದ್ದೆ.

ಅದಲು ಬದಲಿನ ರಾತ್ರಿ ಅದನ್ನು ಹಾಡಲು ಎದ್ದವನು ಕೋಟೆಯ ಪಿಬಿಎಸ್. ಹೆಗಲ ಮೇಲಿನ ಟವೆಲ್ಲನ್ನು ಮೈಕಿನ ಕಂಬಕ್ಕೆ ತಗುಲಿಹಾಕಿ, ಕಣ್ಣು ಮುಚ್ಚಿ ಶುರು ಮಾಡಿದ. ಪಲ್ಲವಿ ನನ್ನದೇ, ಒಂದು ಚೂರೂ ಬದಲಾಗಿರಲಿಲ್ಲ. ಚರಣ ಬಂತು. ಆನೆ ತಟ್ಟೆಗೆ ಹತ್ತಿತು, ಇಲಿ ತಟ್ಟೆಗೆ ಹತ್ತಿತು. ಅಲ್ಲಿಗೆ ಅವನು ನಿಲ್ಲಿಸಿಬಿಟ್ಟ. ಮರೆತನೋ ಎಂದು ನಾನು ಕ್ಯಾಸಿಯೊ ಹಿಂದಿನಿಂದ ಅರ್ಧ ಎದ್ದೆ. ಅವನ ಬಲಗೈ ಎದೆಯ ಮಟ್ಟಕ್ಕೆ ಬಂದು, ಹೆಬ್ಬೆರಳೂ ತೋರುಬೆರಳೂ ಸೇರಿ, ತಕ್ಕಡಿಯ ಮುಳ್ಳನ್ನು ನೋಡುವವನ ಹಾಗೆ ಅಲ್ಲಾಡದೆ ನಿಂತಿತ್ತು. ಮಂಡಿಯಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸ: ಮುಳ್ಳು ಆ ಕಡೆ ಈ ಕಡೆ ಆಡಿ ನಿಲ್ಲುವ ತನಕ ತುಟಿ ಬಿಚ್ಚಬಾರದು, ಬಿಚ್ಚಿದರೆ ಯಾರಿಗಾದರೂ ಮೋಸ. ಢೋಲಕ್ಕು ಮಾತ್ರ ಮೆಲ್ಲಗೆ ನಡೆಯುತ್ತಿತ್ತು. ಒಂದು ಆವರ್ತ ಪೂರ್ತಿ ಹೋಯಿತು. ಮುಂದೆ ಕೂತಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು, ಹೆಂಗಸರ ಕಡೆಯಿಂದ ನಗೆ ಅಲೆಯಾಗಿ ಎದ್ದಿತು, ಇಡೀ ಚಪ್ಪರ ತಕ್ಕಡಿಯನ್ನೇ ನೋಡುತ್ತ ಕೂತಿತು. ಆಗ ತಾಳದ ಸಮದ ಮೇಲೆ ಸರಿಯಾಗಿ, ಎಳ್ಳಷ್ಟೂ ಒತ್ತದೆ, ‘ಸಮ’ ಎಂದ.

ಶಿಳ್ಳೆ ನಿಲ್ಲಲು ಎಷ್ಟು ಹೊತ್ತು ಹಿಡಿಯಿತೋ. ಒನ್ಸ್ ಮೋರ್ ಚೀಟಿಗಳು ಬಂದವು, ನಮ್ಮ ಪೇಟೆ ಬೀದಿಯವರ ಕೈಬರಹದಲ್ಲೇ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಟ್ಟೆಕಿಚ್ಚು ಅನ್ನಿ, ಬೇಡ ಅನ್ನುವುದಿಲ್ಲ. ಮಾರನೆಯ ದಿನ ಗಣಪತಿ ಬಿಡುವ ಮೆರವಣಿಗೆಯಲ್ಲಿ ಅವನ ಪಕ್ಕ ಸೇರಿಕೊಂಡು, ಅಲ್ಲಿ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. “ದಮ್ಮು ಸಾಲ್ತಿರಲಿಲ್ಲ ಸ್ವಾಮಿ. ಅಷ್ಟುದ್ದ ಯಾರಾದ್ರೂ ಬರೀತಾರಾ?” ಅಂದ.

2000ದಲ್ಲಿ ಶಬ್ದಮಾಲಿನ್ಯದ ನಿಯಮ ಬಂತು, ರಾತ್ರಿ ಹತ್ತಕ್ಕೆ ಮೈಕು ಕಟ್. ಹತ್ತಕ್ಕೆ ಮುಗಿಸಬೇಕಾದರೆ ಇಬ್ಬರ ಪಟ್ಟಿಯೂ ಅರ್ಧಕ್ಕರ್ಧ ಇಳಿಯಿತು. ಅದನ್ನಾದರೂ ತಡೆದುಕೊಂಡೆವು, ತಡೆದುಕೊಳ್ಳಲಾಗದ್ದು ಟ್ರ್ಯಾಕ್. ಪೆನ್‌ಡ್ರೈವ್ ಚುಚ್ಚಿದರೆ ಪಿಟೀಲೂ ಬರುತ್ತದೆ, ಕೊಳಲೂ ಬರುತ್ತದೆ, ಗಾಯಕನೊಬ್ಬ ಇದ್ದರೆ ಆಯಿತು. ಸ್ಕೇಲ್ ಬೇಕಾದರೆ ಬೆರಳ ತುದಿಯಲ್ಲಿ ಇಳಿಸಬಹುದು. ಕೇಳಲು ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಟ್ರ್ಯಾಕಿಗೆ ಬೀದಿ ಇಲ್ಲ. ಕೋಟೆಯವರು ಹಾಕಿದರೂ ಅದೇ ಬಿಟ್ಟು, ಪೇಟೆಯವರು ಹಾಕಿದರೂ ಅದೇ ಬಿಟ್ಟು. ಅದರಲ್ಲಿ ಅದಲು ಬದಲು ಮಾಡಲು ಏನಿದೆ? ಗಾಯಕನಿಗೆ ದಮ್ಮು ಸಾಲದಿದ್ದರೆ ಟ್ರ್ಯಾಕ್ ಕಾಯುವುದೂ ಇಲ್ಲ. ಪಿಟೀಲು ಮೇಷ್ಟ್ರು ತೀರಿಕೊಂಡ ಮೇಲೆ ಒಂದೆರಡು ವರ್ಷ ಎಳೆದುಕೊಂಡು ಹೋಗಿ ನಿಂತುಹೋಯಿತು.

ಹೋದ ವರ್ಷ ಊರಿಗೆ ಹೋಗಿದ್ದಾಗ ಕೋಟೆ ಬೀದಿಯ ಮಹಿಳೆಯರ ಭಜನಾ ಮಂಡಳಿಯವರು ಝೆರಾಕ್ಸ್ ಮಾಡಿಸಿದ ಪುಸ್ತಕವೊಂದು ಕೈಗೆ ಸಿಕ್ಕಿತು. ಹಾಳೆಗಳನ್ನು ಮಧ್ಯೆ ಸ್ಟೇಪ್ಲರ್ ಪಿನ್ನು ಹೊಡೆದು ಸೇರಿಸಿದ್ದರು. ಗಣಪತಿಯ ಭಾಗದಲ್ಲಿ ನನ್ನ ಹಾಡು ಇತ್ತು. ಮೂರು ಕಡೆ ಕಾಗುಣಿತ ತಪ್ಪಿತ್ತು. ಬರೆದವರ ಹೆಸರು ಇರಬೇಕಾದಲ್ಲಿ ಏನೂ ಇರಲಿಲ್ಲ. ತಲೆಯ ಮೇಲೆ ‘ಧಾಟಿ: ಕೋಟೆಯವರದು’ ಎಂದಿತ್ತು. ಬೆರಳಿಟ್ಟು ಚರಣಕ್ಕೆ ಇಳಿದೆ. ಆನೆ, ಇಲಿ, ತಟ್ಟೆ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ‘ಸಮ’ದ ಹಿಂದೆ ಮೂರು ಚುಕ್ಕಿ ಇಟ್ಟಿದ್ದರು.